ಸ್ವಾಮಿಗಳು ನಿಂತುಬಿಟ್ಟ ಭಾನುವಾರ

ಪೂಜ್ಯ ಸೂಸೈನಾಥ ಸ್ವಾಮಿಗಳು ಜಪಮಾಲೆದೊಡ್ಡಿಯ ಗುರುಮನೆಯಲ್ಲಿ ವಾಸವಾಗಿದ್ದ ಕಾಲವದು. ಗುರುಮನೆ ಅಂದರೆ ದೊಡ್ಡದೇನಲ್ಲ. ಒಂದು ಹೆಂಚಿನ ಕೋಣೆ, ಒಳಗೊಂದು ಹಗ್ಗದ ಮಂಚ, ಗೋಡೆಯಲ್ಲೊಂದು ಶಿಲುಬೆ, ಮೂಲೆಯಲ್ಲಿ ನೀರಿನ ಹರವಿ. ಸ್ವಾಮಿಗಳು ತಮ್ಮ ಬಿಳಿ ನಿಲುವಂಗಿಯನ್ನು ತಾವೇ ಒಗೆದು ಬೇಲಿಯ ಮೇಲೆ ಹರವುತ್ತಿದ್ದರು. ಅದು ಒಣಗುವ ತನಕ ಪಂಚೆ ಉಟ್ಟು, ಹೆಗಲ ಮೇಲೊಂದು ಟವಲ್ಲು ಹಾಕಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದರು. ಗುರುತಿಲ್ಲದವರು ಬಂದು, "ಸ್ವಾಮಿಗಳು ಇದ್ದಾರಾ ತಾತ?" ಎಂದು ಅವರನ್ನೇ ಕೇಳಿದರೆ, "ಬೇಲಿ ಮೇಲೆ ಒಣಗ್ತಾ ಅವ್ರೆ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಅಷ್ಟು ಹಗುರವಾದ ಜೀವ ಅವರದು.

ಆ ವರ್ಷ ದೊಡ್ಡ ರೋಗ ಬಂದು ಗುಡಿ, ಚರ್ಚು, ಮಸೀದಿ ಎಲ್ಲಕ್ಕೂ ಬೀಗ ಬಿತ್ತಲ್ಲ, ಜಪಮಾಲೆದೊಡ್ಡಿಯ ದೇವಾಲಯಕ್ಕೂ ಬಿತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ನಡುವೆ ಪೂಜೆ ನಿಂತರೆ ಜನ ಏನು ಮಾಡಬೇಕು? ಕಾನ್ವೆಂಟಿನ ಸಿಸ್ಟರ್ ಒಬ್ಬರು ಒಂದು ದಾರಿ ಹೇಳಿದರು. ಸ್ವಾಮಿಗಳು ಒಬ್ಬರೇ ಪೀಠದಲ್ಲಿ ಬಲಿಪೂಜೆ ಅರ್ಪಿಸುವುದು, ಎದುರಿಗೊಂದು ಫೋನು ಇಡುವುದು, ಜನ ಮನೆಮನೆಯಲ್ಲಿ ತಮ್ಮ ತಮ್ಮ ಫೋನಿನಲ್ಲಿ ನೋಡುವುದು. ಸ್ವಾಮಿಗಳಿಗೆ ಫೋನಿನ ವಿದ್ಯೆ ಬಾರದು. ಆದರೂ, "ಜನ ಇರೋ ಕಡೆಗೆ ಹೋಗೋದು ತಾನೆ ನಮ್ಮ ಕೆಲಸ. ಅದರೊಳಗೆ ಹೋಗಬೇಕು ಅಂದ್ರೆ ಅದರೊಳಗೇ ಹೋಗೋಣ" ಎಂದು ಒಪ್ಪಿದರು. ಊರಿನವರಿಗೆ ತಿಳಿಸಲು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೀದಿ ಬೀದಿ ತಾವೇ ನಡೆದರು.

ಮೂಡಲ ಬೀದಿಯಲ್ಲಿ ಮದಲೇನಮ್ಮನ ಮನೆ. ಆಕೆ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಕೈ ಒರೆಸಿಕೊಂಡು ಹೊರಗೆ ಬಂದು, "ಸ್ತೋತ್ರ ಸ್ವಾಮಿ" ಎಂದು ಕೈಮುಗಿದಳು. ಸಂಗತಿ ಕೇಳಿದ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಫೋನ್‌ನಲ್ಲಿ ಪೂಜೆಯಾ? ಹಂಗಾದ್ರೆ ಫೋನ್‌ನಲ್ಲಿ ಮುದ್ದೆ ತೋರಿಸಿದ್ರೆ ಹೊಟ್ಟೆ ತುಂಬ್ತದಾ ಸ್ವಾಮಿ?"

ಅವಳ ಗಂಡ ಇನ್ನಾಸಪ್ಪ ಒಳಗಿನಿಂದ, "ಏ, ಸ್ವಾಮಿಗಳ ಹತ್ರ ಹಿಂಗಾ ಮಾತಾಡೋದು!" ಎಂದು ಗದರಿದ. ಸ್ವಾಮಿಗಳು ನಕ್ಕರು.

"ತುಂಬೋದಿಲ್ಲ ತಾಯಿ. ಆದ್ರೆ ಮುದ್ದೆ ಬೆಂದಿದೆ, ಏಳು ಅಂತ ಕೂಗಿದ್ದು ಕೇಳಿಸ್ತದೆ. ಎದ್ದು ಬರೋ ಕಾಲು ನಿನ್ನದೇ."

ಮದಲೇನಮ್ಮ ಮಾತಿಗೆ ಸೋಲುವವಳಲ್ಲ, ಆದರೆ ಅಂದು ಸೊಪ್ಪಿನ ಬುಟ್ಟಿಯ ಕಡೆ ತಿರುಗಿಕೊಂಡಳು. ಯಾಕೆಂದರೆ ಸ್ವಾಮಿಗಳು ಹಾಗೆಂದವರೇ ಅವಳ ಕಡೆ ನೋಡಲಿಲ್ಲ, ಪಕ್ಕದ ಮನೆಯ ಕಡೆ ನೋಡಿದರು.

ಪಕ್ಕದ ಮನೆ ಅವಳ ಮೈದುನನದು. ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಮೈದುನನ ಹೆಂಡತಿ ಸಹಾಯಮೇರಿ ಮದುವೆಯಾಗಿ ಬಂದ ದಿನದಿಂದ ಇವಳನ್ನು ಅಕ್ಕ ಅಕ್ಕ ಎಂದು ಸೆರಗು ಹಿಡಿದು ಓಡಾಡಿದವಳು. ಮದಲೇನಮ್ಮನಿಗೆ ಮಡಿಲು ತುಂಬಿರಲಿಲ್ಲ. ಸಹಾಯಿ ಬಸುರಾದಾಗ, "ಅಕ್ಕ, ನನ್ನ ಮಗೂಗೆ ನೀವೇ ಜ್ಞಾನತಾಯಿ, ದೇವರ ಮುಂದೆ ಎರಡನೇ ತಾಯಿ. ಜ್ಞಾನಸ್ನಾನದ ದಿನ, ತಲೆಗೆ ನೀರು ಹುಯ್ಯೋವಾಗ ನಿಮ್ಮ ತೋಳಲ್ಲೇ ಮಗು ಇರಬೇಕು" ಅಂದಿದ್ದಳು. ಆ ಮಾತು ಕೇಳಿದ ಹೆಂಗಸಿಗೆ ಭೂಮಿ ಮೇಲೆ ಕಾಲು ನಿಲ್ಲುತ್ತದೆಯೇ? ಕೈಯಾರೆ ಬಿಳಿ ಅಂಗಿ ಹೊಲಿದು, ಅಂಚಿಗೆ ರೇಷ್ಮೆ ದಾರದ ಹೂ ಹಾಕಿ, ಆ ದಿನ ಎಲ್ಲರಿಗಿಂತ ಮೊದಲೇ ದೇವಾಲಯದ ಬಾಗಿಲಲ್ಲಿ ನಿಂತಿದ್ದಳು. ಆದರೆ ಸಹಾಯಿಯ ತವರಿನ ಕಡೆಯ ಮುದುಕಿಯೊಬ್ಬಳು, "ಮಡಿಲು ತುಂಬದವಳ ಕೈಗೆ ಚೊಚ್ಚಲು ಮಗು ಕೊಡ್ತಾರಾ? ಏನ್ ಜನಾನೋ" ಎಂದು ಎಲ್ಲರ ಮುಂದೆ ಅಂದುಬಿಟ್ಟಳು. ಮಗು ಬೇರೆಯವರ ತೋಳಿಗೆ ಹೋಯಿತು.

ಮುದುಕಿಯ ಮಾತು ಮದಲೇನಮ್ಮನಿಗೆ ಅಷ್ಟು ನಾಟಲಿಲ್ಲ. ಅಂಥ ಮಾತು ಅವಳು ಬೇಕಾದಷ್ಟು ಕೇಳಿದ್ದಳು. ಸಹಾಯಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡು ಒಂದು ಮಾತೂ ಆಡಲಿಲ್ಲವಲ್ಲ, ಅದು ನಾಟಿತು. ಅಂದಿನಿಂದ ಗೋಡೆಯ ಆಚೆಗೊಂದು, ಈಚೆಗೊಂದು ಲೋಕ. ದೇವಾಲಯದಲ್ಲಿ ಅಕ್ಕ ಮುಂದಿನ ಬೆಂಚಿನಲ್ಲಿ, ತಂಗಿ ಬಾಗಿಲ ಹತ್ತಿರದ ಬೆಂಚಿನಲ್ಲಿ. ಪೂಜೆಯಲ್ಲಿ 'ಪರಸ್ಪರ ಶಾಂತಿಯನ್ನು ಹಂಚಿಕೊಳ್ಳಿರಿ' ಎಂದಾಗ ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಕೈಮುಗಿದರೆ ಆಯಿತು, ಹಿಂದಕ್ಕೆ ತಿರುಗಬೇಕಿಲ್ಲ. ಆದರೆ ಆ ಹೆಂಗಸಿನ ಮನಸ್ಸು ಕಳ್ಳ ಮನಸ್ಸಲ್ಲ. ತನ್ನೊಳಗೆ ಶಾಂತಿಯಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳು ಪೂಜೆಯ ಕೊನೆಗೆ ಸ್ವಾಮಿಗಳು ಕೊಡುವ ಪರಮಪ್ರಸಾದಕ್ಕೆ ಎದ್ದು ಹೋಗುವುದನ್ನೇ ಬಿಟ್ಟಿದ್ದಳು. ಮಗು ಅಮಲಿ ಗೋಡೆಯಾಚೆ ಅಂಬೆಗಾಲಿಟ್ಟಿತು, ಎದ್ದು ನಿಂತಿತು, ಮಾತು ಕಲಿಯಿತು. ಒಮ್ಮೆಯೂ ಎತ್ತಿಕೊಳ್ಳದೆ, ದನಿಯಿಂದಲೇ ಅದು ಎಷ್ಟು ಬೆಳೆದಿದೆ ಎಂದು ಅಳೆಯುತ್ತಿದ್ದಳು ಮದಲೇನಮ್ಮ.

ಭಾನುವಾರ ಬಂತು. ಇನ್ನಾಸಪ್ಪ ಫೋನನ್ನು ಸ್ಟೂಲಿನ ಮೇಲೆ ಚೊಂಬಿಗೆ ಒರಗಿಸಿಟ್ಟು, ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿದ. ಬೇಡ ಬೇಡ ಅನ್ನುತ್ತಲೇ ಮದಲೇನಮ್ಮ ತಲೆಗೆ ಸೆರಗು ಹೊದ್ದು ಬಂದು ಕೂತಳು. ಸ್ವಾಮಿಗಳು ಅಂಗೈಯಗಲದಲ್ಲಿ ಕಂಡರು. ಅವರ ಹಿಂದೆ ಪೀಠ, ಪೀಠದ ಮೇಲೆ ಎರಡು ದೀಪ. ವಾಚನ ಆಯಿತು, ಪ್ರಬೋಧನೆ ಆಯಿತು, ಕಾಣಿಕೆ ಅರ್ಪಣೆ ಆಯಿತು. ಪರಲೋಕ ಮಂತ್ರ ಹೇಳುವಾಗ ಅವಳಿಗೇ ತಿಳಿಯದೆ ಅವಳ ತುಟಿ ಅಲ್ಲಾಡಿತು.

ಆಮೇಲೆ ಸ್ವಾಮಿಗಳು, "ಪರಸ್ಪರ ಶಾಂತಿಯನ್ನು ಹಂಚಿಕೊಳ್ಳಿರಿ" ಎಂದರು. ಕೈ ಜೋಡಿಸಿದರು, ಕಣ್ಣು ಮುಚ್ಚಿದರು. ಹಾಗೇ ನಿಂತುಬಿಟ್ಟರು.

ಗಂಡ ಹೆಂಡತಿ ಒಬ್ಬರಿಗೊಬ್ಬರು ಕೈಮುಗಿದರು. ಸ್ವಾಮಿಗಳು ಕದಲಲಿಲ್ಲ. ಇನ್ನಾಸಪ್ಪ ಕೆಮ್ಮಿದ. ಸ್ವಾಮಿಗಳು ಕದಲಲಿಲ್ಲ.

"ಹೋಯ್ತು ನೆಟ್ಟು" ಅಂದ ಇನ್ನಾಸಪ್ಪ. ಫೋನು ಎತ್ತಿ ಕೊಡವಿದ, ಹೆಂಚಿನ ಕಡೆ ಹಿಡಿದ, ಕಿಟಕಿಯ ಹತ್ತಿರ ಒಯ್ದ.

"ನಾನು ಹೇಳಿರ್ಲಿಲ್ವಾ? ಇದನ್ನ ನಂಬ್ಕೊಂಡು ಪೂಜೆ ಮಾಡಿದ್ರೆ ಅರ್ಧಕ್ಕೇ ಕೈಕೊಡ್ತದೆ ಅಂತ" ಎಂದು ಮದಲೇನಮ್ಮ ಗೊಣಗಿದಳು. ಆದರೆ ಅರ್ಧ ಪೂಜೆಗೆ ಎದ್ದು ಹೋಗಲು ಮನಸ್ಸು ಬರಲಿಲ್ಲ. ಬೇರೆ ಮನೆಯಲ್ಲಾದರೂ ನಡೆಯುತ್ತಿದೆಯೇನೋ, ಪ್ರಾರ್ಥನೆಯ ದನಿಯಾದರೂ ಕಿವಿಗೆ ಬೀಳಲಿ ಎಂದು ಫೋನು ಕಿತ್ತುಕೊಂಡು ಹಿತ್ತಲಿಗೆ ಬಂದಳು. ಗೋಡೆಯ ಹತ್ತಿರ ಕಿವಿಗೊಟ್ಟಳು. ಆಚೆಯೂ ಮೌನ.

ಅಷ್ಟರಲ್ಲಿ ಗೋಡೆಯ ಮೇಲೆ ಒಂದು ಕೈ, ಕೈಯಲ್ಲೊಂದು ಫೋನು, ಹಿಂದೆಯೇ ಸಹಾಯಿಯ ಮುಖ. ಅವಳೂ ಅದೇ ಕೆಲಸಕ್ಕೆ ಬಂದಿದ್ದಳು. ಇಬ್ಬರೂ ಗರಬಡಿದವರಂತೆ ನಿಂತರು. ಅಭ್ಯಾಸ ಅನ್ನುವುದು ನೋಡಿ, ಜಗಳಕ್ಕಿಂತ ಹಳೆಯದು. ಸಹಾಯಿಯ ಬಾಯಿಂದ ತಾನಾಗಿ ಬಂತು:

"ಅಕ್ಕಾ, ನಿಮ್ಮನೇಲೂ ಸ್ವಾಮಿಗಳು ನಿಂತುಬಿಟ್ರಾ?"

"ಹ್ಞೂ ಕಣೆ, ನಿಂತುಬಿಟ್ರು" ಅಂದಳು ಮದಲೇನಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಬಿದ್ದ ಮಾತು ಬಿದ್ದಾಗಿತ್ತು.

ಎರಡೂ ಫೋನುಗಳನ್ನು ಗೋಡೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರು. ಅದರಲ್ಲೂ ಅದೇ ಸ್ವಾಮಿಗಳು, ಇದರಲ್ಲೂ ಅದೇ ಸ್ವಾಮಿಗಳು, ಅದೇ ಮುಚ್ಚಿದ ಕಣ್ಣು. ಮದಲೇನಮ್ಮ ಇನ್ನಷ್ಟು ಬಗ್ಗಿದಳು. ಸ್ವಾಮಿಗಳು ಕದಲುತ್ತಿಲ್ಲ, ಆದರೆ ಅವರ ಹಿಂದೆ ದೀಪದ ಕುಡಿ ಅಲ್ಲಾಡುತ್ತಿದೆ! ಗಾಳಿಗೆ ಪೀಠದ ಬಟ್ಟೆಯ ಅಂಚು ಏಳುತ್ತಿದೆ, ಕೂರುತ್ತಿದೆ.

"ಸಹಾಯಿ, ನೆಟ್ಟು ಹೋಗಿಲ್ಲ ಕಣೆ" ಎಂದಳು ಮೆಲ್ಲಗೆ. "ಅವ್ರು ಕಾಯ್ತಾ ಅವ್ರೆ."

ಯಾರನ್ನು ಕಾಯುತ್ತಿದ್ದಾರೆ ಎಂದು ಇಬ್ಬರೂ ಕೇಳಲಿಲ್ಲ. ಕೇಳುವುದೇನಿತ್ತು? ಸಹಾಯಿಯ ಗಲ್ಲದ ಮೇಲೆ ನೀರು ಇಳಿಯಿತು.

"ಅಕ್ಕಾ, ಅವತ್ತು ನಾನು ಬಾಯಿ ಬಿಡಬೇಕಿತ್ತು. ಹೆದರಿಬಿಟ್ಟೆ. ದಿನಾ ಈ ಗೋಡೆ ಹತ್ರ ಬರ್ತೀನಿ, ದಿನಾ ವಾಪಸ್ ಹೋಗ್ತೀನಿ..."

"ಪೂಜೆ ನಡುವೆ ಮಾತಾಡಬಾರದು" ಎಂದು ಗದರಿದಳು ಮದಲೇನಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಸ್ವಾಮಿಗಳಿಗೆ ಕಾಲು ನೋವು, ಎಷ್ಟು ಹೊತ್ತು ನಿಂತಾರು? ಮೊದಲು ಶಾಂತಿ ಕೊಡು."

ಇಬ್ಬರೂ ಗೋಡೆಯ ಮೇಲೆ ಕೈ ಜೋಡಿಸಿದರು. ಶಾಂತಿ ಅಂದಳು ಒಬ್ಬಳು. ಶಾಂತಿ ಅಂದಳು ಇನ್ನೊಬ್ಬಳು. ಕೆಳಗಿನಿಂದ ಅಮಲಿ, "ನಂಗೆ ನಂಗೆ" ಎಂದು ಕೈಯೆತ್ತಿ ಕುಣಿಯಿತು. ಸಹಾಯಿ ಮಗುವನ್ನು ಎತ್ತಿ ಗೋಡೆ ದಾಟಿಸಿದಳು. ಮದಲೇನಮ್ಮನ ತೋಳಿಗೆ ಆ ಭಾರ ಬಿದ್ದ ಗಳಿಗೆಯಲ್ಲೇ ಎರಡೂ ಫೋನುಗಳಿಂದ ಒಂದೇ ದನಿ ಕೇಳಿಸಿತು. ಸ್ವಾಮಿಗಳು ಕಣ್ಣು ತೆರೆದು, ಶಾಂತಿಯ ನಂತರ ಬರುವ ದೇವರ ಕುರಿಮರಿಯ ಪ್ರಾರ್ಥನೆ ಆರಂಭಿಸಿದ್ದರು.

ಮರುದಿನ ಮದಲೇನಮ್ಮ ಗುರುಮನೆಯ ಅಂಗಳಕ್ಕೆ ಹೋದಳು. ಸ್ವಾಮಿಗಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವಳು ಎಣ್ಣೆಯ ಬಟ್ಟಲನ್ನು ಅವರ ಕೈಗೆ ಹತ್ತಿರ ಸರಿಸಿದಳು.

"ಸ್ವಾಮಿ, ಅಷ್ಟು ಹೊತ್ತು ನಿಂತ್ರಲ್ಲ. ನಾವು ಗೋಡೆ ಹತ್ರ ಬಂದಿದ್ದು ನಿಮಗೆ ಹೆಂಗೆ ಕಾಣಿಸ್ತು?"

"ಫೋನ್‌ನಲ್ಲಿ ನಾನು ನಿಮಗೆ ಕಾಣ್ತೀನಿ, ನೀವು ನನಗೆ ಕಾಣೋದಿಲ್ಲ ಮಗಳೇ" ಎಂದರು ಸ್ವಾಮಿಗಳು. "ಆದ್ರೆ ಮೂರು ವರ್ಷ ಪೀಠದ ಹತ್ರ ನಿಂತು ನೋಡಿದೀನಿ. ಮುಂದಿನ ಬೆಂಚು ಹಿಂದಕ್ಕೆ ತಿರುಗಲಿಲ್ಲ. ಮಾತು ತರೋ ಯಂತ್ರ ಬಂದಿದೆ, ಶಾಂತಿ ತರೋಕೆ ಅದಕ್ಕೆ ಕೈಯಿಲ್ಲ. ಕೈ ಇರೋರಿಗೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟೆ, ಅಷ್ಟೇ."

ಮದಲೇನಮ್ಮ ಅಲ್ಲೇ ಅಂಗಳದಲ್ಲಿ ಮೊಣಕಾಲೂರಿ ಪಾಪನಿವೇದನೆ ಮಾಡಿದಳು. ಸ್ವಾಮಿಗಳು ಎದ್ದು ಹೋಗಿ ಪರಮಪ್ರಸಾದ ತಂದು ಅವಳ ನಾಲಿಗೆಯ ಮೇಲಿಟ್ಟರು.

ಅಂದಿನಿಂದ ಆ ಹೆಂಗಸು ಬೇರೆಯೇ ಆದಳು. ಫೋನಿಲ್ಲದ ಮನೆ, ಹಾಸಿಗೆ ಹಿಡಿದವರ ಮನೆ ಎಂದು ಹುಡುಕಿಕೊಂಡು ಭಾನುವಾರಕ್ಕೊಂದು ಜಗಲಿಗೆ ತಾನೇ ಫೋನು ಒಯ್ಯತೊಡಗಿದಳು. ಒಂದು ಭಾನುವಾರ ಅರುಳಮ್ಮಜ್ಜಿಯ ಮಂಚದ ಪಕ್ಕ ಕೂತಿದ್ದಳು. ಪೂಜೆಯ ಅರ್ಧದಲ್ಲಿ ಸ್ವಾಮಿಗಳು ನಿಂತುಬಿಟ್ಟರು. ಆ ದಿನ ನಿಜಕ್ಕೂ ನೆಟ್ಟು ಹೋಗಿತ್ತು. ದೀಪ ಅಲ್ಲಾಡಲಿಲ್ಲ, ಫೋನಿನ ನಡುವೆ ಬಿಳಿ ಬಳೆ ಸುತ್ತುತ್ತಿತ್ತು. ಮದಲೇನಮ್ಮ ಅದನ್ನು ಕೊಡವಲಿಲ್ಲ, ಎತ್ತಿ ಹಿಡಿಯಲೂ ಇಲ್ಲ. ಮುದುಕಿಯ ಕೈ ಹಿಡಿದು ಕೇಳಿದಳು.

"ಅಜ್ಜೀ, ನಿಮಗೆ ಯಾರ ಹತ್ರ ಮಾತು ಬಿಟ್ಟಿದೆ?"

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿ ಒಂದು ಹೆಸರು ಹೇಳಿತು.

"ತಡೀರಿ, ಕರ್ಕೊಂಡು ಬರ್ತೀನಿ" ಎಂದು ಮದಲೇನಮ್ಮ ಎದ್ದು ಚಪ್ಪಲಿ ಮೆಟ್ಟಿದಳು.