ಪರದೆಗೆ ಒಂದೇ ಸಾಲು

ನಂಬದಿದ್ದರೆ ಬಿಡಿ, ನಮ್ಮ ಬರಮನಂಥ ಕಂಪ್ಯೂಟರ್ ಆಪರೇಟರ್ ಇಡೀ ಜಿಲ್ಲೆಯಲ್ಲಿಲ್ಲ!

ಹಾಸ್ಟೆಲ್ ವಾರ್ಷಿಕೋತ್ಸವದ ಪರದೆಗೆ ಸಿಬ್ಬಂದಿಯ ಹೆಸರು ಹಾಕಬೇಕಿತ್ತು. ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ವಾರ್ಡನ್ ಗುಡುಗಿದರು: “ಪರದೆ ಮ್ಯಾಲೆ ಒಂದೇ ಸಾಲು ಇರಬೇಕಲೇ!” ಅಂದರೆ ಅವರ ಹೆಸರೊಂದೇ.

ಅಡುಗೆಯ ಹೊಳೆವ್ವ ಸಪ್ಪಗಾದಳು. ಹೆಸರು ತೋರಿಸಲೆಂದೇ ಮೊಮ್ಮಗಳನ್ನು ಕರೆಸಿದ್ದಳು.

“ಆತ್ರಿ ಸರ” ಎಂದ ಬರಮ, ಎಸ್‌ಕ್ಯೂಎಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಆಜ್ಞೆ ಬರೆದ. ಸಭೆ ಸೇರಿ ಪರದೆ ಬೆಳಗಿದಾಗ ಎಲ್ಲರ ಹೆಸರೂ ನಡುವೆ ಅಲ್ಪವಿರಾಮ ಇಟ್ಟುಕೊಂಡು ಒಂದೇ ಸಾಲಿನಲ್ಲಿ ಕೂತವು. ಕೆಲಸಕ್ಕೆ ಮೊದಲು ಸೇರಿದವರು ಮುಂದೆ. ಹೋದ ವರ್ಷ ಬಂದ ವಾರ್ಡನ್ ಕೊನೆಗೆ.

“ಏನಲೇ ಇದು?”

“ಒಂದೇ ಸಾಲು ಐತ್ರಿ ಸರ. ನೀವ ಎಣಸ್ರಿ.”

ಅಷ್ಟರಲ್ಲಿ ಮೊಮ್ಮಗಳು ಕೂಗಿದಳು: “ಅಜ್ಜೀ, ಮೊದಲ ನಿನ್ನ ಹೆಸರೈತಿ!”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ವಾರ್ಡನ್ನರೂ ನಕ್ಕು ತಟ್ಟಿದರು.

ಹೊಳೆವ್ವ ಬರಮನಿಗೆ ತನ್ನ ಪಾಲಿನ ಹೋಳಿಗೆ ಕೊಟ್ಟಳು.