ರಂಗೋಲಿ ಪುಡಿಯ ಊರು

ಕಾರ್ತಿಕ ಶುದ್ಧ ಪಂಚಮಿ. ಸೂರ್ಯ ಮೂಡಿ ಎರಡು ಗಳಿಗೆ ಕಳೆದಿತ್ತು. ನದಿ ದಂಡೆಯ ಆಶ್ರಮದ ಅಂಗಳದಲ್ಲಿ ಶಿಷ್ಯೆ ಶರ್ವಾಣಿ ರಂಗೋಲಿ ಪುಡಿಯಿಂದ ಒಂದು ಊರನ್ನು ಬರೆಯತೊಡಗಿದಳು.

ಅದು ಕರಿಹೊಳಲು. ಇಬ್ಬರು ರಾಜರ ಯುದ್ಧದ ನಡುವೆ ಸಿಕ್ಕಿ, ಅವಳು ಹುಟ್ಟುವ ಮೊದಲೇ ಉರಿದುಹೋದ ಊರು. ಬದುಕಿ ಬಂದವರು ಆಶ್ರಮದ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಈಗ ಆ ಊರನ್ನು ಕಂಡವರೆಂದರೆ ಮುದುಕರಷ್ಟೇ. ಅವರೂ ಹೋದರೆ ಊರು ಎರಡನೆಯ ಸಲ ಅಳಿಯುತ್ತದೆ ಎಂಬುದೇ ಶರ್ವಾಣಿಯ ಕೊರಗು.

ಮಧ್ಯಾಹ್ನದ ಹೊತ್ತಿಗೆ, ಮುದುಕರ ಬಾಯಿಂದ ಅವಳು ಕೇಳಿ ತಿಳಿದಿದ್ದ ಬೀದಿ, ಬಾವಿ, ಮನೆಗಳೆಲ್ಲ ಬಿಳಿಯ ಗೆರೆಗಳಲ್ಲಿ ಮೂಡಿದವು. ಅವಳು ಸುತ್ತ ಹಗ್ಗ ಕಟ್ಟಿ ಮುದುಕರನ್ನು ಕರೆದಳು.

"ದೂರದಿಂದಲೇ ನೋಡಿ. ಯಾರೂ ತುಳಿಯಬೇಡಿ."

ಅವರು ಕೈಮುಗಿದು, ಹೆಣದ ಮುಂದೆ ನಿಂತವರಂತೆ ನಿಂತರು.

ಗುರು ಸಿದ್ಧಾಂಬೆ ಬಂದವರೇ ಹಗ್ಗ ದಾಟಿದರು. ಬೀದಿಯುದ್ದಕ್ಕೂ ನಡೆದು ಒಂದು ಮನೆಯ ಮುಂದೆ ನಿಂತರು.

"ಯಾರಿದ್ದೀರಿ ಒಳಗೆ? ಒಂದಿಷ್ಟು ಮಜ್ಜಿಗೆ ಸಿಕ್ಕೀತೇ?"

"ತಾಯೀ, ಗೆರೆ ಅಳಿಯುತ್ತಿದೆ," ಎಂದಳು ಶರ್ವಾಣಿ.

ಅಷ್ಟರಲ್ಲಿ ಮುದುಕಿ ಹೊನ್ನವ್ವ ತಡೆಯಲಾರದೆ ಕೂಗಿದಳು: "ಅದು ಬಸವಂತನ ಮನೆ ಕಣ್ರವ್ವ. ಅಲ್ಲಿ ಮಜ್ಜಿಗೆ ಕೇಳಿದ್ರೆ ಬರೀ ನೀರು ಕೊಡ್ತಾನೆ. ನಮ್ಮನೆಗೆ ಬನ್ನಿ."

"ನಿಮ್ಮನೇಲಿ ಎಮ್ಮೆ ಎಲ್ಲಿತ್ತೇ? ನಮ್ಮ ಎಮ್ಮೆ ಹಾಲಲ್ಲೇ ನಿನ್ನ ಮಕ್ಕಳು ಬೆಳೆದದ್ದು." ಮುದುಕ ಬಸವಂತ ಹಗ್ಗ ಎತ್ತಿ ಒಳನುಗ್ಗಿದ.

"ಆಚೆ ಸರಿಯೋ, ಬಾವಿ ಒಳಗೇ ನಿಂತಿದೀಯ," ಎಂದು ಹೊನ್ನವ್ವ ಗದರಿದಳು.

ಎಲ್ಲರೂ ನಕ್ಕರು. ಎಲ್ಲರೂ ಒಳಗೆ ಬಂದರು. ಒಬ್ಬ ಮತ್ತೊಬ್ಬನ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಬೇಡಿದ. ಬೈಗುಳ, ನಗು, ಮತ್ತೆ ಬೈಗುಳ. ಬಿಳಿಯ ಗೆರೆಗಳು ಅಂಗಾಲುಗಳಿಗೆ ಅಂಟಿ ಮಾಯವಾಗತೊಡಗಿದವು.

ಹೊನ್ನವ್ವನ ಮೊಮ್ಮಗನ ಹೆಂಡತಿ ಚೆಲುವಿ ಮಜ್ಜಿಗೆ ಗಡಿಗೆ ಹಿಡಿದು ಬಂದಳು. ಹೋದ ವರ್ಷವಷ್ಟೇ ಬೇರೆ ಸೀಮೆಯಿಂದ ಮದುವೆಯಾಗಿ ಬಂದವಳು. ಹೊನ್ನವ್ವನ ಮನೆಯ ಗೆರೆ ದಾಟುವಾಗ ಅವಳು ತಲೆ ತಗ್ಗಿಸಿದಳು.

"ಇಲ್ಲಿ ಬರೀ ಗಾಳಿ. ತಲೆ ಏಕೆ ತಗ್ಗಿಸಿದೆ?" ಶರ್ವಾಣಿ ಕೇಳಿದಳು.

"ಅಜ್ಜಿ ಮನೆ ಬಾಗಿಲು ಗಿಡ್ಡ ಅಲ್ವಾ ಅಕ್ಕ? ಅಜ್ಜ ದಿನಾ ಹಣೆ ಚಚ್ಚಿಕೊಳ್ತಿದ್ರಂತೆ. ನಂಗೂ ತಾಗಿದ್ರೆ?"

ಶರ್ವಾಣಿ ಆ ಇಲ್ಲದ ಬಾಗಿಲನ್ನು ಬಹಳ ಹೊತ್ತು ನೋಡಿದಳು.

ಸಂಜೆಗೆ ಅಂಗಳದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಜಗಳ ಮಾತ್ರ ಇನ್ನೂ ಮುಗಿದಿರಲಿಲ್ಲ.

"ನಾಳೆ ಮತ್ತೆ ಬರೆಯಲೇ, ತಾಯೀ?"

ಸಿದ್ಧಾಂಬೆ ಮೀಸೆಯಂತೆ ಅಂಟಿದ್ದ ಮಜ್ಜಿಗೆಯನ್ನು ಒರೆಸಿಕೊಂಡರು.

"ಕರಿಹೊಳಲಿನಲ್ಲಿ ಹೊನ್ನವ್ವನ ಪಕ್ಕದ ಜಾಗ ಖಾಲಿ ಇದೆಯಂತೆ. ನಾಳೆ ಅಲ್ಲಿ ನಾನೊಂದು ಮನೆ ಕಟ್ಟಿಕೊಳ್ಳುತ್ತೇನೆ."