ಹೂವಿನ ಪಟ್ಟಿಯಿಂದ ತೆಗೆದ ಹೆಸರು

ನದಿ ದಂಡೆಯ ಆ ಆಶ್ರಮದಲ್ಲಿ ಪಾಠ ಹೇಳುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಕಾವಿ ಉಟ್ಟವರಲ್ಲ. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು, ಹಿರಿಯ ಗುರುಗಳ ಹತ್ತಿರ ಓದಲು ಬಂದು, ಅವರು ಹೋದಮೇಲೆ ಅವರ ಜಾಗದಲ್ಲಿ ಕೂತವರು. ಈಗ ಎಪ್ಪತ್ತು ದಾಟಿತ್ತು. ತಾಳ್ಮೆ ಮಾತ್ರ ವಯಸ್ಸಿನ ಜೊತೆ ಬೆಳೆದಿರಲಿಲ್ಲ.

ಶಿಷ್ಯರಲ್ಲಿ ತೋಂಟೇಶ ಎಂಬೊಬ್ಬನಿದ್ದ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಅವನದು. ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಬರುತ್ತಿದ್ದ. ಹಿಂದಿನ ವಾರ, ಕಾರ್ಖಾನೆಯ ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ಕೇಳಿದ್ದ. ಅದರ ಹಿಂದಿನ ವಾರ, ಧ್ಯಾನಕ್ಕೆ ಕೂತಾಗ ಫೋನ್ ಸೈಲೆಂಟ್‌ನಲ್ಲಿಟ್ಟರೆ ಸಾಕೋ, ಆಫ್ ಮಾಡಲೇಬೇಕೋ ಎಂದು.

ಈ ಗುರುವಾರ ಅವನ ಮುಖ ಬಾಡಿತ್ತು. ಅಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಚೀಲ ಪಕ್ಕಕ್ಕಿಟ್ಟು ಕೂತ.

"ಅಕ್ಕ, ಉಡುಗೊರೆ ಎಷ್ಟು ದೊಡ್ಡದಿರಬೇಕು?"

ಅಕ್ಕ ಮೊರದಿಂದ ತಲೆ ಎತ್ತಲಿಲ್ಲ. "ಯಾರಿಗೆ?"

ಅವನು ಹೇಳತೊಡಗಿದ. ಸುಶೀಲಾಬಾಯಿ ಎಂಬವರದು ಊದುಬತ್ತಿ ಕಂಪನಿ. ಅವರ ಪೆಟ್ಟಿಗೆಗಳೆಲ್ಲ ಹದಿನೈದು ವರ್ಷದಿಂದ ಇವನ ಕಾರ್ಖಾನೆಯವೇ. ಈಗ ಬೇರೆಯವರ ಕಡೆ ಹೊರಟಿದ್ದಾರೆ, ಸೋಮವಾರ ಸಹಿ ಹಾಕುತ್ತಾರಂತೆ. ಹಾಗಾದರೆ ಇವನ ಎರಡು ಮಷಿನ್‌ಗಳಲ್ಲಿ ಒಂದು ನಿಲ್ಲುತ್ತದೆ. ಅದರ ಮೇಲೆ ಕೆಲಸ ಮಾಡುವ ಹನ್ನೆರಡು ಹೆಂಗಸರನ್ನು ಮನೆಗೆ ಕಳಿಸಬೇಕು. ಅವರಿಗೆ ಇನ್ನೂ ಹೇಳಿಲ್ಲ, ಹೇಳಲು ಬಾಯಿ ಬರುತ್ತಿಲ್ಲ.

"ನಾನೇನು ಕಡಿಮೆ ಮಾಡಿದೆ ಅಕ್ಕ? ಪ್ರತಿ ಯುಗಾದಿಗೆ ಗಿರಾಕಿಗಳಿಗೆಲ್ಲ ಬೊಕೆ ಕಳಿಸ್ತೀನಿ. ಹೂ ಕೊಟ್ಟರೆ ವ್ಯವಹಾರದ ಸಂಬಂಧ ಗಟ್ಟಿಯಾಗುತ್ತೆ ಅಂತ ಒಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು."

"ಹೂವೇ ಎರಡು ದಿನ ಗಟ್ಟಿಯಾಗಿರಲ್ಲ," ಎಂದರು ಅಕ್ಕ. "ಈ ಯುಗಾದಿಗೆ ಅವರಿಗೂ ಕಳಿಸಿದೆಯಾ?"

ತೋಂಟೇಶನ ಮುಖ ಸ್ವಲ್ಪ ಅರಳಿತು. ಅಕ್ಕ ಇದನ್ನು ಕೇಳಲಿ ಎಂದೇ ಅವನು ಕಾದಿದ್ದ.

"ಇಲ್ಲಕ್ಕ. ಅವರ ಯಜಮಾನರು ದೀಪಾವಳಿ ಹೊತ್ತಿಗೆ ತೀರಿಕೊಂಡರು. ಇನ್ನು ಅವರಿಗೆ ಹೂ ಕಳಿಸೋದು ಹೇಗೆ? ಆಫೀಸಿನವರಿಗೆ ಇದೆಲ್ಲ ಹೊಳೆಯಲ್ಲ. ನಾನೇ ಕೂತು ಪಟ್ಟಿಯಿಂದ ಹೆಸರು ತೆಗೆದೆ. ಬದಲಿಗೆ ಗೋಡಂಬಿ ಕಳಿಸಿದೆ. ಎರಡು ಕೆಜಿ."

ಅಕ್ಕನ ಕೈ ನಿಂತಿತು.

"ಏನಂದರು?"

"ಗೋಡಂಬಿ ಬಂತು, ಒಳ್ಳೆ ಜಾತಿಯದು ಅಂದರು. ಫೋನ್ ಇಟ್ಟರು. ಮಾರನೇ ವಾರದಿಂದ ಬೇರೆಯವರ ಹತ್ತಿರ ರೇಟು ಕೇಳ್ತಿದ್ದಾರೆ." ಸ್ವಲ್ಪ ತಡೆದು ಕೇಳಿದ. "ಬಾದಾಮಿನೂ ಸೇರಿಸಬೇಕಿತ್ತಾ?"

ಅಕ್ಕ ಕಣ್ಣು ಮುಚ್ಚಿ, ಶಿಷ್ಯರಿಗೆ ಕಲಿಸುವಂತೆ ಒಂದು ದೀರ್ಘ ಉಸಿರು ತೆಗೆದುಕೊಂಡರು. ಸಾಲಲಿಲ್ಲ. ಇನ್ನೊಂದು ತೆಗೆದುಕೊಂಡರು.

"ಅವರ ಊದುಬತ್ತಿ ಯಾವ ಪರಿಮಳದ್ದು?"

"ಮಲ್ಲಿಗೆ, ಸಂಪಿಗೆ, ಕೇದಗೆ. ಒಂದೊಂದನ್ನೂ ಅವರೇ ಮೂಸಿ ನೋಡಿ ಪಾಸು ಮಾಡೋದು."

"ಆ ಮೂಗು ಗಂಡನ ಜೊತೆ ಹೋಗಲಿಲ್ಲ ತಾನೆ?"

"ಇಲ್ಲ." ತೋಂಟೇಶ ತಡವರಿಸಿದ. "ಆದರೂ ಪದ್ಧತಿ ಅಂತ ಒಂದಿದೆಯಲ್ಲಕ್ಕ. ಅವರ ಮನಸ್ಸಿಗೆ ನೋವಾಗಬಾರದು ಅಂತ…"

"ಅವರನ್ನ ಕೇಳಿದೆಯಾ?"

"ಅಂಥದ್ದನ್ನ ಹೇಗೆ ಕೇಳೋದು?"

ಅಕ್ಕ ಮೊರವನ್ನು ಬದಿಗೆ ಸರಿಸಿದರು. "ಚೀಲದಲ್ಲಿರೋದನ್ನ ತೆಗಿ."

ತೆಗೆದ. ಹಿರಿಯ ಗುರುಗಳ ಪಟಕ್ಕೆ ಮಲ್ಲಿಗೆ ದಂಡೆ. ಅಡುಗೆಯ ಗಂಗವ್ವನಿಗೆ ಒಂದು ಮೊಳ ಕನಕಾಂಬರ, ಆಕೆಯ ಗಂಡ ಈಗಲೂ ಆಶ್ರಮದ ದೋಣಿ ನಡೆಸುತ್ತಿದ್ದ. ಅಡಿಯಲ್ಲಿ ಒಂದು ಕಾಗದದ ಪೊಟ್ಟಣ.

"ಅದು?"

"ನಿಮಗೆ. ಮೂಸಂಬಿ."

"ಹೋದ ವಾರ?"

"ಮೂಸಂಬಿ."

"ಒಂಬತ್ತು ವರ್ಷದಿಂದ?"

ತೋಂಟೇಶ ಪೊಟ್ಟಣ ನೋಡುತ್ತ ಕೂತ. ಅವನ ಕಿವಿ ಕೆಂಪಾಯಿತು.

ಅಕ್ಕ ಮಲ್ಲಿಗೆ ದಂಡೆಯನ್ನೆತ್ತಿ ಗೇಣುದ್ದದ ಒಂದು ತುಂಡು ಹರಿದುಕೊಂಡರು.

"ಅಕ್ಕ, ಅದು ಗುರುಗಳಿಗೆ…"

"ಅವರು ಪಟದಲ್ಲಿದ್ದಾರೆ. ನಾನು ಇಲ್ಲೇ ಇದ್ದೀನಿ."

ಬಿಳಿ ತುರುಬಿಗೆ ಹೂ ಸಿಕ್ಕಿಸಲು ನೋಡಿದರು. ನಲವತ್ತು ವರ್ಷದಿಂದ ತಪ್ಪಿಹೋದ ಅಭ್ಯಾಸ. ಹೂ ಹೆಗಲ ಮೇಲೆ ಬಿತ್ತು. ಮತ್ತೆ ಸಿಕ್ಕಿಸಿದರು, ಮತ್ತೆ ಜಾರಿತು. ತೋಂಟೇಶ ಕೈ ಚಾಚಿದ, ಹೇಗೆ ಹಿಡಿಯಬೇಕೆಂದು ತಿಳಿಯದೆ ಹಿಂದಕ್ಕೆ ತೆಗೆದ. ಹೊರಡುವವನಂತೆ ಎದ್ದು ಚಪ್ಪಲಿ ಮೆಟ್ಟಿ ಅಲ್ಲೇ ನಿಂತ.

"ಸೋಮವಾರದೊಳಗೆ ನಾನೇ ಅವರ ಮನೆಗೆ ಹೂ ತಗೊಂಡು ಹೋಗ್ತೀನಿ ಅಕ್ಕ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಹೋದರೆ, ಆರ್ಡರ್ ವಾಪಸ್ ಬರುತ್ತಾ?"

ಅಕ್ಕ ಅವನನ್ನು ದಿಟ್ಟಿಸಿದರು, ಒಂಬತ್ತು ವರ್ಷ ಹೇಳಿದ ಪಾಠ ಅವನಲ್ಲಿ ಎಲ್ಲಿ ಸೇರಿಕೊಂಡಿದೆ ಎಂದು ಹುಡುಕುವವರ ಹಾಗೆ. ಜಾರುತ್ತಿದ್ದ ಹೂವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡರು.

"ಮೊದಲು ಗಂಗವ್ವನ ಹತ್ತಿರ ಒಂದು ಹೇರ್‌ಪಿನ್ ಇಸ್ಕೊಂಡು ಬಾ. ಯಾರಿಗೆ ಅಂತ ಕೇಳಿದರೆ, ಜೋರಾಗಿ ಹೇಳು."